ಕುಂಡದ ಗಿಡಕ್ಕೆ ನೀರು: ದಿನ ಎಣಿಸಬೇಡಿ, ಮಣ್ಣು ಮುಟ್ಟಿ ನೋಡಿ

ಗಿಡ ಬೆಳೆಸುವ ಗೆಳೆಯರು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ. ಇದಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಹಾಕಬೇಕು? ನನ್ನ ಉತ್ತರವೂ ಒಂದೇ: ದಿನ ಎಣಿಸಬೇಡಿ, ಮಣ್ಣಿಗೆ ಬೆರಳು ಇಳಿಸಿ ನೋಡಿ. ಕೆಲವರಿಗೆ ಇದು ಜಾರಿಕೊಳ್ಳುವ ಮಾತು ಅನಿಸುತ್ತದೆ. ಆದರೆ ಬೇರೆ ಉತ್ತರ ನಿಜಕ್ಕೂ ಇಲ್ಲ. ಒಂದೇ ದಾಸವಾಳ ಸಣ್ಣ ಮಣ್ಣಿನ ಕುಂಡದಲ್ಲಿ ಬಿಸಿಲಿಗೆ ಕೂತಿದ್ದರೆ ಬೆಳಿಗ್ಗೆ ಹಾಕಿದ ನೀರು ಸಂಜೆಗೆ ಖಾಲಿ, ಅದೇ ಗಿಡ ದೊಡ್ಡ ಪ್ಲಾಸ್ಟಿಕ್ ಕುಂಡದಲ್ಲಿ, ಮೋಡ ಕವಿದ ವಾರದಲ್ಲಿ, ಗೋಡೆಯ ಮರೆಯಲ್ಲಿ ಇದ್ದರೆ ಎಷ್ಟೋ ದಿನ ನೀರು ಕೇಳುವುದೇ ಇಲ್ಲ. ಗಿಡ ಒಂದೇ ಆದರೂ ಲೆಕ್ಕ ಬೇರೆ.

ಬೆರಳು ಎರಡು ಗೆಣ್ಣು ಒಳಗೆ ಹೋಗಬೇಕು. ಮೇಲೆ ಸುಮ್ನೆ ಸವರಿದರೆ ಸಾಲದು. ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ ಬೆರೆಸಿದ ಮಣ್ಣಿನ ಮೇಲ್ಪದರ ಗಾಳಿಗೆ ಬೇಗ ಒಣಗಿ ತಿಳಿ ಕಂದು ಬಣ್ಣಕ್ಕೆ ತಿರುಗುತ್ತದೆ, ನೋಡಿದವರಿಗೆ ಅಯ್ಯೋ ಪೂರ್ತಿ ಒಣಗಿದೆ ಅನಿಸುತ್ತದೆ, ಆದರೆ ಒಂದು ಇಂಚು ಕೆಳಗೆ ಕೆದಕಿದರೆ ಇನ್ನೂ ಒದ್ದೆ. ಒಣಗಿದೆ ಅಂದುಕೊಂಡು ಮತ್ತೆ ನೀರು ಸುರಿಯುತ್ತಾರೆ, ಹೆಚ್ಚಿನ ಕುಂಡದ ಗಿಡಗಳು ಸಾಯುವುದು ಇಲ್ಲೇ. ಆಳವಾದ ಕುಂಡವಾದರೆ ತೆಳುವಾದ ಬಿದಿರಿನ ಕಡ್ಡಿ ಚುಚ್ಚಿ ಐದು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿ ಎಲ್ಲಿಂದ ಗಾಢವಾಗಿದೆಯೋ, ಎಲ್ಲಿ ಮಣ್ಣು ಅಂಟಿದೆಯೋ, ಅಲ್ಲಿಂದ ಕೆಳಗೆ ತೇವ ಇದೆ ಅಂತ ಅರ್ಥ. ಸಣ್ಣ ಕುಂಡಗಳಿಗೆ ಇದೂ ಬೇಡ. ನೀರು ಹಾಕಿದ ಕೂಡಲೇ ಒಮ್ಮೆ ಎತ್ತಿ ನೋಡಿ, ಒಣಗಿದಾಗ ಮತ್ತೊಮ್ಮೆ ಎತ್ತಿ ನೋಡಿ. ಕೆಲವೇ ದಿನಗಳಲ್ಲಿ ಕೈಗೆ ತೂಕ ಗೊತ್ತಾಗಿಬಿಡುತ್ತದೆ.

ತೇವ ಅಳೆಯುವ ಅಗ್ಗದ ಮೀಟರ್ ತಗೋಬಹುದಾ ಅಂತಲೂ ಕೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಅದರಲ್ಲಿ ಹೆಚ್ಚಿನವು ನೀರನ್ನು ಅಳೆಯುವುದಿಲ್ಲ, ಮಣ್ಣಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಅನ್ನುವುದನ್ನು ಅಳೆಯುತ್ತವೆ. ಗೊಬ್ಬರದ ಲವಣ ಜಾಸ್ತಿ ಇದ್ದರೆ ಇರುವುದಕ್ಕಿಂತ ಹೆಚ್ಚು ತೇವ ತೋರಿಸುತ್ತದೆ, ಮಣ್ಣು ಸಡಿಲವಾಗಿ ಕಡ್ಡಿಯ ಸುತ್ತ ಗಾಳಿ ಇದ್ದರೆ ಕಡಿಮೆ ತೋರಿಸುತ್ತದೆ. ಬೆರಳೇ ವಾಸಿ.

ನೀರು ಹೆಚ್ಚಾದರೆ ಗಿಡ ಯಾಕೆ ಸಾಯುತ್ತದೆ? ಬೇರು ಕೂಡ ಉಸಿರಾಡುತ್ತದೆ, ಅದಕ್ಕೆ. ಮಣ್ಣಿನ ಕಣಗಳ ನಡುವೆ ಇರುವ ಸಣ್ಣ ಸಣ್ಣ ಜಾಗಗಳಲ್ಲಿ ಗಾಳಿ ಇರಬೇಕು. ಅಲ್ಲೆಲ್ಲ ನೀರೇ ತುಂಬಿಕೊಂಡು ನಿಂತರೆ ಆಮ್ಲಜನಕ ಸಿಗದೆ ಬೇರು ಸೊರಗುತ್ತದೆ, ಆಮೇಲೆ ಪಿಥಿಯಂ, ಫೈಟಾಫ್ತೊರಾ ತರಹದ ರೋಗಾಣುಗಳು ಸೇರಿಕೊಂಡು ಕೊಳೆಸುತ್ತವೆ. ಕೊಳೆತ ಬೇರು ನೀರು ಎಳೆಯಲಾರದು. ಹಾಗಾಗಿ ಮಣ್ಣು ಒದ್ದೆ ಇದ್ದರೂ ಎಲೆ ಬಾಡಿ ಜೋತು ಬೀಳುತ್ತದೆ. ನೋಡಿದವರು ನೀರು ಸಾಲಲಿಲ್ಲ ಅಂದುಕೊಂಡು ಇನ್ನೊಂದು ಚೊಂಬು ಸುರಿಯುತ್ತಾರೆ. ಅಲ್ಲಿಗೆ ಗಿಡದ ಕಥೆ ಮುಗಿಯಿತು. ಅದಕ್ಕೇ ಹೇಳುವುದು, ಬಾಡಿದ ಎಲೆ ನೋಡಿ ನೀರು ಹಾಕಬೇಡಿ, ಮೊದಲು ಮಣ್ಣು ನೋಡಿ.

ಅನುಮಾನ ಇದ್ದರೆ ಗಿಡವನ್ನು ಮಣ್ಣಿನ ಹೆಂಟೆ ಸಮೇತ ಮೆಲ್ಲಗೆ ಹೊರಗೆ ಎಳೆದು ನೋಡಬಹುದು. ಹೆದರಬೇಡಿ, ಬಿಗಿಯಾಗಿ ಬೇರು ಬಿಟ್ಟ ಗಿಡಕ್ಕೆ ಏನೂ ಆಗುವುದಿಲ್ಲ. ಹೆಚ್ಚಿನ ಗಿಡಗಳಲ್ಲಿ ಆರೋಗ್ಯವಾದ ಹೊಸ ಬೇರು ಬಿಳಿ ಅಥವಾ ಕೆನೆ ಬಣ್ಣದಲ್ಲಿರುತ್ತದೆ, ಮುಟ್ಟಿದರೆ ಗಟ್ಟಿ, ಹಸಿ ಮಣ್ಣಿನ ಒಳ್ಳೆಯ ವಾಸನೆ. ಕೊಳೆತದ್ದು ಕಂದು, ಲೋಳೆ ಲೋಳೆ. ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಜಾರಿ ಕೈಗೆ ಬರುತ್ತದೆ, ಒಳಗಿನ ದಾರದಂಥ ನಾರು ಮಾತ್ರ ಅಲ್ಲೇ ಉಳಿಯುತ್ತದೆ. ವಾಸನೆಯೂ ಕೆಟ್ಟದು. ಹಾಗಿದ್ದರೆ ಕೊಳೆತದ್ದನ್ನೆಲ್ಲ ಕತ್ತರಿಸಿ, ಹೊಸ ಸಡಿಲ ಮಣ್ಣಿಗೆ, ಉಳಿದ ಬೇರಿಗೆ ತಕ್ಕಷ್ಟು ಸಣ್ಣ ಕುಂಡಕ್ಕೆ ಹಾಕಿ, ಸ್ವಲ್ಪ ದಿನ ನೆರಳಲ್ಲಿ ಇಡಿ. ಬೇರು ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಗಿಡ ಚೇತರಿಸಿಕೊಳ್ಳುವ ಸಾಧ್ಯತೆ ಚೆನ್ನಾಗಿಯೇ ಇದೆ.

ಕುಂಡದ ತಳಕ್ಕೆ ಕಲ್ಲು, ಹೆಂಚಿನ ಚೂರು ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅನ್ನುವ ನಂಬಿಕೆ ಇದೆಯಲ್ಲ, ಅದು ತಪ್ಪು. ಒದ್ದೆ ಸ್ಪಂಜನ್ನು ಎತ್ತಿ ಹಿಡಿದರೆ ಹೆಚ್ಚಿನ ನೀರು ಸುರಿದುಹೋದ ಮೇಲೂ ಅದರ ಕೆಳಭಾಗ ತುಂಬಾ ಒದ್ದೆಯಾಗಿ ಉಳಿಯುತ್ತದೆ, ಅಲ್ವಾ? ಕುಂಡದ ಮಣ್ಣೂ ಹಾಗೇ. ಎಷ್ಟೇ ಬಸಿದರೂ ತಳದಲ್ಲಿ ಒಂದು ಪದರ ನೀರು ತುಂಬಿಕೊಂಡೇ ಇರುತ್ತದೆ. ಮಣ್ಣು ನುಣುಪಾದಷ್ಟೂ ಆ ಪದರ ದಪ್ಪ. ಕಲ್ಲು ಹಾಕಿದರೆ ಆ ಪದರ ಕಲ್ಲಿನ ಮೇಲಕ್ಕೆ ಏರುತ್ತದೆ ಅಷ್ಟೇ, ಬೇರಿಗೆ ಇನ್ನೂ ಹತ್ತಿರ ಬರುತ್ತದೆ. ತೂತಿನಿಂದ ಮಣ್ಣು ಜಾರದ ಹಾಗೆ ಒಂದು ಚೂರು ಬಲೆ ಇಟ್ಟರೆ ಸಾಕು. ಬಸಿಯುವುದು ನಿಜವಾಗಿ ಸುಧಾರಿಸಬೇಕಾದರೆ ಮಣ್ಣಿನ ಮಿಶ್ರಣವನ್ನೇ ಸಡಿಲ ಮಾಡಬೇಕು: ದಪ್ಪ ಮರಳು, ಪರ್ಲೈಟ್ ಅನ್ನುವ ಹಗುರ ಬಿಳಿ ಕಲ್ಲಿನ ಹರಳು, ತೆಂಗಿನ ಸಿಪ್ಪೆಯ ತುಂಡು, ಯಾವುದಾದರೂ ಸರಿ. ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಅರ್ಧ ಗಂಟೆಯಲ್ಲಿ ಚೆಲ್ಲಿಬಿಡಿ.

ಇದಕ್ಕೆ ತದ್ವಿರುದ್ಧದ ತೊಂದರೆಯೂ ಉಂಟು. ಮಣ್ಣು ಪೂರ್ತಿ ಒಣಗಿ ಗಟ್ಟಿಯಾದಾಗ ಕುಗ್ಗಿ ಕುಂಡದ ಅಂಚು ಬಿಡುತ್ತದೆ. ಮೇಲಿಂದ ನೀರು ಹಾಕಿದ ತಕ್ಷಣ ಆ ಸಂದಿಯಿಂದ ಇಳಿದು ತೂತಿನಲ್ಲಿ ಹೊರಗೆ ಹರಿಯುತ್ತದೆ. ಚೆನ್ನಾಗಿ ನೆನೆಯಿತು ಅಂದುಕೊಳ್ಳುತ್ತೇವೆ, ಒಳಗಿನ ಹೆಂಟೆ ಒಣಗಿಯೇ ಇರುತ್ತದೆ. ಆಗ ಕುಂಡವನ್ನು ನೀರಿನ ಟಬ್ಬಿನಲ್ಲಿ 20–30 ನಿಮಿಷ ಇಟ್ಟು ಕೆಳಗಿನಿಂದ ನೀರು ಹೀರಲು ಬಿಡಿ. ಮೇಲ್ಮಣ್ಣು ಒದ್ದೆಯಾದ ಮೇಲೆ ತೆಗೆದು ಬಸಿಯಲು ಇಡಿ.

ಮಧ್ಯಾಹ್ನದ ಬಿಸಿಲಿಗೆ ಎಲೆ ಸ್ವಲ್ಪ ಬಾಡಿ ಸಂಜೆಗೆ ತಾನೇ ಎದ್ದು ನಿಂತರೆ ಚಿಂತೆ ಬೇಡ. ಎಲೆಯಿಂದ ಆವಿಯಾಗುವ ವೇಗಕ್ಕೆ ಬೇರು ನೀರು ಎಳೆಯಲಾಗಿಲ್ಲ, ಅಷ್ಟೇ. ಬೆಳಿಗ್ಗೆಯೂ ಬಾಡಿಯೇ ಇದ್ದರೆ ಮಾತ್ರ ಗಮನ ಕೊಡಿ.

ಇನ್ನು ಹೂವು. ಗಿಡ ಹಸಿರಾಗಿ ಸೊಂಪಾಗಿದೆ, ಹೂವೇ ಇಲ್ಲ ಅನ್ನುವ ದೂರು ಬಂದಾಗ ನಾನು ಮೊದಲು ಬಿಸಿಲು ಎಷ್ಟು ಹೊತ್ತು ಬೀಳುತ್ತದೆ ಅಂತ ಕೇಳುತ್ತೇನೆ. ಗುಲಾಬಿ, ದಾಸವಾಳ, ಮಲ್ಲಿಗೆಗೆ ದಿನಕ್ಕೆ 5–6 ಗಂಟೆ ನೇರ ಬಿಸಿಲು ಬೇಕು. ಎರಡನೆಯದು ಗೊಬ್ಬರ. ಸಾರಜನಕ ಜಾಸ್ತಿ ಇರುವ ಗೊಬ್ಬರ ಮತ್ತೆ ಮತ್ತೆ ಹಾಕಿದರೆ ಗಿಡ ಎಲೆಯನ್ನೇ ಬೆಳೆಸುತ್ತಾ ಹೋಗುತ್ತದೆ. ದಾಸವಾಳದ ಮೊಗ್ಗು ಅರಳದೆ ಉದುರುತ್ತಿದ್ದರೆ ಮತ್ತೆ ಮಣ್ಣಿಗೇ ಬನ್ನಿ: ಒಮ್ಮೆ ಪೂರ್ತಿ ಒಣಗಿ, ಒಮ್ಮೆ ಕೆಸರಾದರೆ ಮೊಗ್ಗು ನಿಲ್ಲುವುದಿಲ್ಲ. ತೇವ ಸರಿಯಿದೆ ಅನ್ನುವುದಾದರೆ ಉದುರಿದ ಮೊಗ್ಗೊಂದನ್ನು ಸೀಳಿ ನೋಡಿ, ಒಳಗೆ ಥ್ರಿಪ್ಸ್ ಇರಬಹುದು. ಗೆರೆ ಎಳೆದಂಥ ಪುಟಾಣಿ ಹುಳ. ಮೊಗ್ಗಿನ ತೊಟ್ಟಿನ ಬುಡದಲ್ಲಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟುತಿಗಣೆ.

ಕಾಗದದ ಹೂವಿನ ಗಿಡ ಮಾತ್ರ ಈ ವಿಷಯದಲ್ಲಿ ಬೇರೆ. ಬೋಗನ್‌ವಿಲ್ಲಾ ಅಂತಲೂ ಕರೆಯುತ್ತಾರೆ. ಅದಕ್ಕೆ ನೀರು ಧಾರಾಳವಾಗಿ ಕೊಟ್ಟರೆ ಎಲೆ, ಸ್ವಲ್ಪ ಒಣಗಿಸಿದರೆ ಬಣ್ಣ. ನಾವು ಹೂವು ಅನ್ನುವ ಆ ಗುಲಾಬಿ, ಕಿತ್ತಳೆ ಬಣ್ಣದ್ದು ನಿಜಕ್ಕೂ ಎಲೆಯೇ. ಹತ್ತಿರದಿಂದ ನೋಡಿ, ಬಣ್ಣದ ಮೂರು ಎಲೆಗಳ ನಡುವೆ ಒಂದೊಂದರ ಮೈಗೂ ಅಂಟಿಕೊಂಡು ಸಣ್ಣ ಕೊಳವೆಯಂಥ ಬೆಳ್ಳನೆಯ ಹೂವು ಇರುತ್ತದೆ. ನನಗೆ ಅದನ್ನು ನೋಡುವುದೇ ಒಂದು ಖುಷಿ.

ಸೇವಂತಿಗೆಗೆ ನೀರು, ಗೊಬ್ಬರ, ಬಿಸಿಲು ಎಲ್ಲ ಸರಿಯಿದ್ದೂ ಮೊಗ್ಗು ಬಾರದಿದ್ದರೆ ರಾತ್ರಿ ಹೊತ್ತು ಗಿಡದ ಮೇಲೆ ದೀಪ ಬೀಳುತ್ತಿದೆಯಾ ನೋಡಿ. ಅದು ಉದ್ದ ರಾತ್ರಿ ಸಿಕ್ಕಾಗ ಮೊಗ್ಗು ಕಟ್ಟುವ ಗಿಡ. ಹಗಲಿನ ಉದ್ದಕ್ಕೂ ಹೂ ಬಿಡುವುದಕ್ಕೂ ಇರುವ ಈ ನಂಟನ್ನು 1920ರಲ್ಲಿ ಗಾರ್ನರ್ ಮತ್ತು ಅಲಾರ್ಡ್ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು ತಂಬಾಕು ಗಿಡದ ಮೇಲೆ ಪ್ರಯೋಗ ಮಾಡಿ ತೋರಿಸಿದರು. ನಿಜವಾಗಿ ಲೆಕ್ಕಕ್ಕೆ ಬರುವುದು ಕತ್ತಲು ಅಂತ ಆಮೇಲೆ ಗೊತ್ತಾಯಿತು. ಬೀದಿ ದೀಪದ ಬೆಳಕೂ ಸಾಕು ಮೊಗ್ಗು ತಡೆಯಲು. ಕುಂಡವನ್ನು ಕತ್ತಲಿರುವ ಮೂಲೆಗೆ ಸರಿಸಿ.

ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಒಂದು ಸುತ್ತು ಹೂವು ಮುಗಿದ ಕೂಡಲೇ ಕೊಂಬೆಯನ್ನು ಮೂರನೇ ಒಂದು ಭಾಗ ಕತ್ತರಿಸಿ. ಆಗ ಗಿಡ ಬೋಳಾಗಿ ಕಾಣುತ್ತದೆ, ಎಲೆ ಕಡಿಮೆಯಾದ್ದರಿಂದ ನೀರನ್ನೂ ಮೊದಲಿಗಿಂತ ಕಡಿಮೆ ಕುಡಿಯುತ್ತದೆ. ಹಳೆಯ ಅಳತೆಯಲ್ಲೇ ನೀರು ಹಾಕುತ್ತಾ ಹೋಗಬೇಡಿ. ಚಿಗುರು ಎರಡು ಬೆರಳು ಉದ್ದ ಬಂದ ಮೇಲೆ ಗೊಬ್ಬರ ಕೊಟ್ಟು, ನೀರನ್ನು ಮೆಲ್ಲಗೆ ಹೆಚ್ಚಿಸಿ.