ಬಿಳಿ ರಕ್ತಕಣ ಹೆಚ್ಚಾಗಲು ಏನು ತಿನ್ನಬೇಕು ಎಂದು ಕೇಳುವವರಿಗೆ

ಹೊಟ್ಟೆ ತುಂಬ ಸರಿಯಾಗಿ ಊಟ ಮಾಡುವವರು ಬೇರೇನೂ ತಿನ್ನಬೇಕಾಗಿಲ್ಲ. ಉತ್ತರ ಇಷ್ಟೇ. ಆದರೂ ರಕ್ತ ಪರೀಕ್ಷೆಯ ಲ್ಯಾಬಿನವಳು ಎಂದು ತಿಳಿದೊಡನೆ ಇದನ್ನೇ ಕೇಳುತ್ತೀರಿ. ಬಾಯಲ್ಲಿ ಹೇಳಿ ಸಾಕಾಗಿದೆ, ಬರೆದುಬಿಡುತ್ತೇನೆ.

ಒಂದು ಮದುವೆಯ ಪಂಕ್ತಿಯಲ್ಲಿ ಹೋಳಿಗೆಗೆ ಇನ್ನೇನು ತುಪ್ಪ ಬಿದ್ದಿತ್ತು. ಪಕ್ಕದಲ್ಲಿದ್ದ ಹಿರಿಯರು ಮೊಬೈಲನ್ನು ನೇರವಾಗಿ ನನ್ನ ಎಲೆಯ ಮೇಲೆ ಹಿಡಿದರು. "ನೋಡಮ್ಮ, ಮಗನ ರಿಪೋರ್ಟು. ಬಿಳಿ ರಕ್ತಕಣ ಹದಿನಾರು ಸಾವಿರ! ಮೊದಲು ಆರೇ ಸಾವಿರ ಇತ್ತು. ಅಮೃತಬಳ್ಳಿ ಕಷಾಯದ ಮಹಿಮೆ."

"ಮಗ ಎಲ್ಲಿ?" ಎಂದೆ.

"ಮನೆಯಲ್ಲಿ ಮಲಗಿದ್ದಾನೆ. ಜ್ವರ, ಗಂಟಲಲ್ಲಿ ಕೀವು."

ಮಹಿಮೆ ಕಷಾಯದ್ದಲ್ಲ ರಾಯರೇ, ಆ ಕೀವಿನದು. ವಯಸ್ಕರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸಾಮಾನ್ಯವಾಗಿ 4,000ದಿಂದ 11,000 ಬಿಳಿ ರಕ್ತಕಣಗಳಿರುತ್ತವೆ. ಬ್ಯಾಕ್ಟೀರಿಯಾ ನುಗ್ಗಿದರೆ ಮೂಳೆಯೊಳಗೆ ರಕ್ತಕಣ ತಯಾರಿಸುವ ಅಸ್ಥಿಮಜ್ಜೆ ತನ್ನ ದಾಸ್ತಾನಿನಲ್ಲಿರುವ, ಬಿಳಿ ರಕ್ತಕಣಗಳ ಒಂದು ಬಗೆಯಾದ ನ್ಯೂಟ್ರೋಫಿಲ್‌ಗಳನ್ನು ರಕ್ತಕ್ಕೆ ಬಿಡುತ್ತದೆ. ಅವು ರಕ್ತನಾಳದ ಗೋಡೆಯಲ್ಲಿ ನುಸುಳಿ ಹೊರಬಂದು, ಬ್ಯಾಕ್ಟೀರಿಯಾವನ್ನು ನುಂಗಿ, ಕೊಂದು, ತಾವೂ ಸಾಯುತ್ತವೆ. ಕೀವೆಂದರೆ ಬಹುಪಾಲು ಅವುಗಳ ಹೆಣವೇ. ಆರೋಗ್ಯವಂತರ ಮಜ್ಜೆಯೂ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್‌ಗಳನ್ನು ತಯಾರಿಸುತ್ತದೆ, ಯಾರ ಕಷಾಯಕ್ಕೂ ಕಾಯದೆ.

ಕಷಾಯದ ಮೇಲೆ ನನಗೆ ದ್ವೇಷವಿಲ್ಲ. ನನ್ನ ಅತ್ತೆಯೂ ಇದನ್ನು ಓದುತ್ತಾರೆ. ಸಿಟ್ಟು ಬರುವುದು ಸಂಖ್ಯೆಯನ್ನು ಪರೀಕ್ಷೆಯ ಅಂಕದಂತೆ ನೋಡುವುದಕ್ಕೆ. ರಕ್ತಕ್ಯಾನ್ಸರಿನಲ್ಲಿ ಎಣಿಕೆ ಲಕ್ಷ ದಾಟಬಹುದು. ಆ ಕಣಗಳಲ್ಲಿ ಬಹಳಷ್ಟು ಕೆಲಸಕ್ಕೆ ಬಾರದವು. ಸ್ಟೀರಾಯ್ಡ್ ಮಾತ್ರೆ ನುಂಗಿದರೂ ಎಣಿಕೆ ಏರುತ್ತದೆ. ಡೆಂಗಿಯಲ್ಲಿ ಸಾಮಾನ್ಯವಾಗಿ ಇಳಿಯುತ್ತದೆ. ಮನೆಯ ಮುಂದೆ ಜನ ಸೇರಿದ್ದಾರೆಂದರೆ ಒಳಗೆ ಮದುವೆಯೇ ಇರಬೇಕೆಂದಿಲ್ಲ.

"ಏರಿರುವುದು ಯಾವ ಬಗೆಯದು?" ಎಂದು ಯಾರೂ ಕೇಳುವುದಿಲ್ಲ. ಕೇಳಿದ್ದರೆ ಹೋಳಿಗೆ ಬಿಟ್ಟು ಮಾತಾಡುತ್ತಿದ್ದೆ. ಲೀಷ್‌ಮನ್ ಬಣ್ಣ ಹಾಕಿದ ಸ್ಲೈಡನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೂರು ಕಣಗಳನ್ನು ಒಂದೊಂದಾಗಿ ಗುರುತಿಸಿ ಎಣಿಸುವುದು ನನ್ನ ಕೆಲಸದಲ್ಲಿ ನನಗೆ ಅತಿ ಪ್ರಿಯವಾದ ಭಾಗ. ನ್ಯೂಟ್ರೋಫಿಲ್‌ನ ಕೋಶಕೇಂದ್ರ ಮೂರು ನಾಲ್ಕು ಹಾಲೆಗಳಾಗಿ ಒಡೆದಿರುತ್ತದೆ. ಹಾಲೆ ಮೂಡದ ಎಳೆಯ ಕಣಗಳು ಹೆಚ್ಚಾಗಿ ಕಂಡರೆ, ಮಜ್ಜೆ ಬಲಿಯದವನ್ನೂ ಅವಸರದಲ್ಲಿ ಹೊರಗೆ ಕಳಿಸುತ್ತಿದೆ ಎಂದರ್ಥ. ಕಿತ್ತಳೆಗೆಂಪು ಚುಕ್ಕೆಗಳ ಈಸಿನೋಫಿಲ್ ಏರಿದ್ದರೆ ಜಂತುಹುಳುವೋ ಅಲರ್ಜಿಯೋ ಇರಬಹುದು. ನೋಡಲು ಅತ್ಯಂತ ಸಪ್ಪೆಯಾದದ್ದು ಲಿಂಫೋಸೈಟ್: ಕಣದ ತುಂಬ ದುಂಡನೆಯ ಕೋಶಕೇಂದ್ರ, ಅಷ್ಟೇ. ಆದರೆ ರೋಗಾಣುವಿಗೆ ಅಂಟಿಕೊಳ್ಳುವ ಪ್ರತಿಕಾಯ ತಯಾರಿಸುವುದು, ವೈರಸ್ ಹೊಕ್ಕ ಜೀವಕೋಶವನ್ನು ಕೊಲ್ಲುವುದು ಈ ಗುಂಪಿನವೇ. ಒಮ್ಮೆ ದಡಾರ ಬಂದವರಿಗೆ ಮತ್ತೆ ಸಾಮಾನ್ಯವಾಗಿ ಬಾರದಿರುವುದೂ ಇವುಗಳ ನೆನಪಿನಿಂದಲೇ. ಲಸಿಕೆ ಮೂಡಿಸುವುದು ಈ ನೆನಪನ್ನು, ಒಟ್ಟು ಎಣಿಕೆಯನ್ನಲ್ಲ.

ರಿಪೋರ್ಟಿನಲ್ಲಿ ಒಟ್ಟು ಸಂಖ್ಯೆಯ ಕೆಳಗೆ ಈ ಬಗೆಗಳ ಶೇಕಡಾವಾರು ಇರುತ್ತದೆ. ಅದನ್ನು ಓದಿಕೊಂಡು ಬಂದು ಕೇಳಿ, ಎಷ್ಟು ಹೊತ್ತಾದರೂ ಹೇಳುತ್ತೇನೆ. ಔಷಧಿಯನ್ನು ಮಾತ್ರ ರೋಗಿಯನ್ನು ಕಣ್ಣಾರೆ ನೋಡಿದ ಡಾಕ್ಟರನ್ನೇ ಕೇಳಿ. ನಾನು ನೋಡುವುದು ಒಂದು ಹನಿಯನ್ನಷ್ಟೇ.