ಮಂಜಿಯ ಹಗ್ಗದ ಮೇಲೊಂದು ಇಲಿ

ಇಂದು ಸಂಜೆ ಮಂಗಳೂರಿನ ಹಳೆ ಬಂದರಿನಲ್ಲಿ, ಲಕ್ಷದ್ವೀಪಕ್ಕೆ ಅಕ್ಕಿ, ಈರುಳ್ಳಿ, ಸಿಮೆಂಟ್ ತುಂಬಿಸಿಕೊಳ್ಳುತ್ತಿದ್ದ ಮಂಜಿಯೊಂದರ (ಸರಕು ಸಾಗಿಸುವ ಮರದ ದೋಣಿ) ಹಗ್ಗದ ಮೇಲೆ ದಪ್ಪ ಇಲಿಯೊಂದು ಯಾವ ಅವಸರವೂ ಇಲ್ಲದೆ ನಡೆದು ಒಳಗೆ ಹೋದದ್ದನ್ನು ಕಂಡೆ.

ಹಮಾಲರು ನಕ್ಕರು, ನನಗೆ ಲಕ್ಷದ್ವೀಪದ ರಾಜಧಾನಿ ಕವರತ್ತಿಯ ಆಚೆಗಿರುವ ಪಕ್ಷಿಪಿಟ್ಟಿ ಎಂಬ ದ್ವೀಪ ನೆನಪಾಯಿತು. ಗಿಡಮರಗಳಾಗಲಿ ಜನವಸತಿಯಾಗಲಿ ಇಲ್ಲದ ಆ ಪುಟ್ಟ ದಿಬ್ಬದಲ್ಲಿ ಕಪ್ಪು ಬೆನ್ನಿನ ಟರ್ನ್ ಹಕ್ಕಿಗಳು ಗೂಡನ್ನೇ ಕಟ್ಟದೆ, ಬರಿಯ ನೆಲದ ಮೇಲೆ, ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆಯಿಡುತ್ತವೆ. ದೋಣಿಗಳಲ್ಲಿ ಬಂದಿಳಿದ ಇಲಿಗಳು ಇಂಥ ಮೊಟ್ಟೆ, ಮರಿಗಳನ್ನು ತಿಂದು ಕಡಲಹಕ್ಕಿಗಳ ನೆಲೆಗಳನ್ನೇ ಬರಿದು ಮಾಡಿದ ದ್ವೀಪಗಳು ಜಗತ್ತಿನಲ್ಲಿ ಅನೇಕ ಇವೆ.

ಈ ಮಂಜಿ ಪಕ್ಷಿಪಿಟ್ಟಿಗೆ ಹೋಗುವುದಿಲ್ಲ, ನಿಜ. ಆದರೆ ಕವರತ್ತಿಯಲ್ಲಿ ಇಳಿದ ಇಲಿಗೆ ಅಲ್ಲಿಂದ ಮೀನುದೋಣಿ ಹತ್ತಲು ಯಾರ ಅಪ್ಪಣೆಯೂ ಬೇಕಿಲ್ಲ. ದೊಡ್ಡ ಹಡಗುಗಳ ಹಗ್ಗಕ್ಕೆ ಇಲಿ ದಾಟದಂತೆ ದುಂಡನೆಯ ತಗಡು ಸಿಕ್ಕಿಸುವ ರೂಢಿಯಿದೆ. ಅದನ್ನು ಮಂಜಿಗಳಿಗೂ ಕಡ್ಡಾಯ ಮಾಡಬೇಕೆಂಬುದು ನನ್ನ ಅಭಿಪ್ರಾಯ.