ಬರೀ ಸಿಂಗಲ್ಲಾ?

ಸಿಯಾಟಲ್‌ನಲ್ಲಿ ನಮ್ಮ ಪಕ್ಕದ ಮನೆ ಅಜ್ಜ 1977ರಿಂದ, ಅಂದರೆ ಮ್ಯಾರಿನರ್ಸ್ ಬೇಸ್‌ಬಾಲ್ ತಂಡ ಶುರುವಾದಾಗಿನಿಂದ, ಅದರ ಅಭಿಮಾನಿ. ಆದರೆ ಅದೇ ತಂಡಕ್ಕೆ ಆಡಿದ್ದ ಜಪಾನಿನ ಇಚಿರೋ ಸುಜುಕಿ ಹೆಸರು ಎತ್ತಿದರೆ ಮಾತ್ರ ಮುಖ ಹಿಂಡುತ್ತಾರೆ. "ಬರೀ ಸಿಂಗಲ್ ಹೊಡೆಯೋನು."

2025ರ ಆಗಸ್ಟ್‌ನಲ್ಲಿ ಮೈಸೂರಿಂದ ಅಪ್ಪ ಬಂದಿದ್ದರು. ಅಜ್ಜನ ಅಮೆರಿಕನ್ ಇಂಗ್ಲಿಷ್ ಅವರಿಗೆ ಹತ್ತುತ್ತಿರಲಿಲ್ಲ. ಬೇಲಿಯ ಆಚೆ ಅಜ್ಜ, ಈಚೆ ಅಪ್ಪ, ನಡುವೆ ದುಭಾಷಿ ನಾನು.

ಸಿಂಗಲ್ ಅಂದರೆ ಒಂದು ರನ್ ಅಂದುಕೊಂಡಿದ್ದರು ಅಪ್ಪ. ಅಲ್ಲಪ್ಪ, ಹೊಡೆದು ಮೊದಲ ಬೇಸ್ ತಲುಪೋದು ಅಷ್ಟೇ, ರನ್ ಇನ್ನೂ ದೂರ ಅಂದೆ. 2004ರ ಒಂದೇ ಸೀಸನ್‌ನಲ್ಲಿ ಇಚಿರೋ 262 ಹಿಟ್ ಹೊಡೆದ. ಹಿಟ್ ಅಂದರೆ ಚೆಂಡು ಹೊಡೆದು ಬೇಸ್ ಗಿಟ್ಟಿಸೋದು. ಜಾರ್ಜ್ ಸಿಸ್ಲರ್ 1920ರಲ್ಲಿ ಮಾಡಿದ್ದ 257ರ ದಾಖಲೆ 84 ವರ್ಷದ ಮೇಲೆ ಮುರಿಯಿತು. ಆ 262ರಲ್ಲಿ 225 ಸಿಂಗಲ್, ನಮ್ಮ ಸಿಕ್ಸರ್ ಥರದ ಹೋಮ್ ರನ್ ಎಂಟೇ ಎಂಟು. ಅಜ್ಜ ಜೋತುಬಿದ್ದಿರೋದು ಆ ಎಂಟಕ್ಕೇ. ಅದೇ ವರ್ಷ ಹೋಮ್ ರನ್‌ಗೆ ಹೆಸರಾದ ಬ್ಯಾರಿ ಬಾಂಡ್ಸ್‌ಗೆ ಸಿಕ್ಕ ವಾಕ್, ಅಂದರೆ ಚೆಂಡೆಸೆಯುವ ಪಿಚರ್ ಹೊಡೆಯೋಕೆ ಸಿಗದಂತೆ ಎಸೆದು ಪುಕ್ಕಟೆ ಬಿಟ್ಟುಕೊಡೋ ಮೊದಲ ಬೇಸ್, 232. ಇಚಿರೋಗೆ 49. ಯಾರಿಗೆ ಪಿಚರ್ ಹೆದರುತ್ತಾನೋ ಅವನೇ ಬ್ಯಾಟರ್ ಅನ್ನೋದು ಅಜ್ಜನ ವಾದ. ಅದನ್ನು ಸುಮ್ನೆ ತಳ್ಳಿಹಾಕೋಕೂ ಆಗಲ್ಲ. ಇಚಿರೋ ಅಷ್ಟು ಹೊಡೆದರೂ ಮ್ಯಾರಿನರ್ಸ್ ಆ ವರ್ಷ 99 ಪಂದ್ಯ ಸೋತಿತ್ತು.

"ಫೋನಲ್ಲಿ ತೋರಿಸೋ" ಅಂದರು ಅಪ್ಪ. ಎಡಗೈ ಬ್ಯಾಟಿಂಗ್. ಚೆಂಡಿಗೆ ಬ್ಯಾಟ್ ತಾಗುವ ಹೊತ್ತಿಗೇ ಕಾಲು ಮೊದಲ ಬೇಸ್ ಕಡೆ ಹೊರಟಾಗಿದೆ. ಚೆಂಡು ನೆಲಕ್ಕೆ ಬಡಿದು ಮೇಲೆ ಪುಟಿಯಿತು. ಶಾರ್ಟ್‌ಸ್ಟಾಪ್ ಅನ್ನೋ ಫೀಲ್ಡರ್ ಹಿಡಿದು ಎಸೆಯುವಷ್ಟರಲ್ಲಿ ಆಸಾಮಿ ಬೇಸ್ ದಾಟಿದ್ದ. ಅಪ್ಪ ಮೂರು ಸಲ ಹಿಂದಕ್ಕೆ ಹಾಕಿಸಿ ನೋಡಿದರು.

"ಇದು ಬರೀ ಸಿಂಗಲ್ಲಾ?"

ಅಪ್ಪನಿಗೆ ಜಿ.ಆರ್. ವಿಶ್ವನಾಥ್ ಅಂದರೆ ದೇವರು. ಟೆಸ್ಟ್ ಸರಾಸರಿ 41.93. ಈಗಿನ ಹುಡುಗರಿಗೆ ಆ ಅಂಕಿ ಸಪ್ಪೆ. ಅಪ್ಪ ಮಾತ್ರ 1975ರ ಮದ್ರಾಸ್ ಟೆಸ್ಟ್ ರೇಡಿಯೋದಲ್ಲಿ ಕೇಳಿದವರು. ವೆಸ್ಟ್ ಇಂಡೀಸ್‌ನ ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತ, ತಂಡದ ಮೊತ್ತ 190, ಅದರಲ್ಲಿ ವಿಶಿ ಔಟಾಗದೆ 97. ಶತಕವೂ ಅಲ್ಲ. ಅದು ಯಾಕೆ ದೊಡ್ಡದು ಅಂತ ಅಜ್ಜನಿಗೆ ಹೇಳೋಕೆ ನಾನು ತಿಣುಕುತ್ತಿದ್ದರೆ, ಅಪ್ಪ ಮಣಿಕಟ್ಟು ತಿರುಗಿಸಿ ಗಾಳಿಯಲ್ಲೇ ಸ್ಕ್ವೇರ್ ಕಟ್ ಹೊಡೆದು ತೋರಿಸಿದರು. ಕೈಯಲ್ಲಿ ಕಾಫಿ ಲೋಟ ಇತ್ತು. ಅರ್ಧ ನನ್ನ ಅಂಗಿ ಮೇಲೆ.

ಅಜ್ಜನಿಗೂ ಒಂದು ಚುಚ್ಚೋಣ ಅನ್ನಿಸಿತು. ಬೇಸ್‌ಬಾಲ್ ದಿಗ್ಗಜರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಆಯ್ಕೆಯಲ್ಲಿ ಇಚಿರೋಗೆ 394ರಲ್ಲಿ 393 ಮತ ಬಿದ್ದಿತ್ತು. ಕೊಡದ ಆ ಒಬ್ಬರನ್ನು ಆತ ಮೊದಲು ಮನೆಗೆ ಕರೆದಿದ್ದ. ಜುಲೈನ ಸಮಾರಂಭದಲ್ಲಿ, ಆ ಆಹ್ವಾನದ ಅವಧಿ ಮುಗಿಯಿತು ಅಂತ ನಗಿಸಿದ. "ಆ ಒಬ್ಬರು ನೀವೇ ಅಲ್ವಾ?" ಅಂತ ಕೇಳಿದೆ.

ಅಜ್ಜ ನಗಲಿಲ್ಲ. "ನನಗೆ ಮತ ಇದ್ದಿದ್ದರೆ ನಮ್ಮ ಮ್ಯಾರಿನರ್ಸ್‌ನ ಎಡ್ಗರ್ ಮಾರ್ಟಿನೆಜ್‌ನ ಮತದಾನದ ಹತ್ತನೇ ವರ್ಷದವರೆಗೆ ಕಾಯಿಸುತ್ತಿರಲಿಲ್ಲ" ಅಂದರು. ಆಮೇಲೆ 1995ರ ಅಕ್ಟೋಬರ್ ಕಥೆ ಶುರು. ಎದುರಿಗೆ ಯಾಂಕೀಸ್ ತಂಡ, 11ನೇ ಇನ್ನಿಂಗ್ಸ್, ಎಡ್ಗರ್ ಹೊಡೆತ, ಮೊದಲ ಬೇಸ್‌ನಿಂದ ಓಡಿ ಬಂದು ಗೆಲುವಿನ ರನ್ ತಂದ ಜೊತೆಗಾರ ಗ್ರಿಫಿ. ಹೇಳುತ್ತಾ ಅಜ್ಜನ ಕಣ್ಣು ಒದ್ದೆ.

ಅಪ್ಪ ನನ್ನ ಕಡೆ ಬಾಗಿದರು. "ಅದು ಎಂಥ ಹೊಡೆತ?"

"ಡಬಲ್ ಅಪ್ಪ. ಹೊಡೆದು ಎರಡನೇ ಬೇಸ್ ತಲುಪೋದು."

"ಹಾಗಾದ್ರೆ ಅದೂ ಹೋಮ್ ರನ್ ಅಲ್ವಲ್ಲೋ."

ಇದನ್ನು ನಾನು ಅನುವಾದ ಮಾಡಲಿಲ್ಲ.